ಬಾರ್‌ಕೋಡಿನ ಮುಂದಿನ ಸೊನ್ನೆ

ಅಂಗಡಿ ತೆರೆದು ಹತ್ತು ನಿಮಿಷ ಆಗಿರಲಿಲ್ಲ, ಬಿಲ್ಲಿಂಗ್ ಕೌಂಟರಿನಿಂದ ಫೋನ್ ಬಂತು. "ಸಾರ್, ಸ್ಕ್ಯಾನ್ ಆಗ್ತಿದೆ, ಆದ್ರೆ ಐಟಂ ಇಲ್ಲ ಅಂತ ತೋರಿಸ್ತಿದೆ. ನಿನ್ನೆ ಇದೇ ಐಟಂ ಬಂದಿತ್ತು." ಎಲ್ಲಾ ಐಟಂಗಳಿಗೂ ಹೀಗಾಗಿದ್ದರೆ ಸರ್ವರ್ ಅಂತ ಅಂದುಕೊಳ್ಳಬಹುದಿತ್ತು. ಆದರೆ ಕೆಲವಕ್ಕೆ ಮಾತ್ರ ಆಗುತ್ತಿತ್ತು.

ಆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದವನು ನಾನೇ. ಸಿಗದೇ ಹೋದ ಒಂದು ಪ್ಯಾಕೆಟ್ಟಿನ ಮೇಲಿದ್ದ ನಂಬರ್ 036000291452. ಡೇಟಾಬೇಸ್ ತೆಗೆದು ನೋಡಿದರೆ 36000291452. ಮುಂದಿನ ಸೊನ್ನೆ ಇಲ್ಲ. ಹಿಂದಿನ ದಿನ ಯಾರೋ ಐಟಂ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು, ಬೆಲೆ ತಿದ್ದಿ, ಸೇವ್ ಮಾಡಿ ವಾಪಸ್ ಹಾಕಿದ್ದರು. ಎಕ್ಸೆಲ್ ಅದನ್ನು ಸಂಖ್ಯೆ ಅಂತ ತಿಳಿದು ಸೊನ್ನೆಯನ್ನು ಎತ್ತಿಬಿಟ್ಟಿತ್ತು.

ಅದಕ್ಕಿಂತ ಕೆಟ್ಟದ್ದು 13 ಅಂಕಿಯ ಬಾರ್‌ಕೋಡುಗಳಿಗೆ ಆಗಿತ್ತು. ಅಷ್ಟು ಉದ್ದದ ಸಂಖ್ಯೆಯನ್ನು ಎಕ್ಸೆಲ್ ಒತ್ತಿ ತೋರಿಸುವುದರಿಂದ ಅವು 4.00638 ಅಂತ ಶುರುವಾಗಿ, ಆಮೇಲೆ ಒಂದು ಇ ಅಕ್ಷರ, ಕೊನೆಗೆ +12 ಅಂತ ಕಾಣುತ್ತಿದ್ದವು. ಸಿಎಸ್‌ವಿ (ಬರೀ ಟೆಕ್ಸ್ಟ್ ಇರುವ ಪಟ್ಟಿ ಫೈಲ್) ಆಗಿ ಸೇವ್ ಮಾಡಿದಾಗ ಕಂಡದ್ದೇ ಫೈಲಿಗೆ ಹೋಯಿತು. ಒಂದೇ ಕಂಪನಿಯ ಹತ್ತಾರು ಐಟಂಗಳಿಗೆ ಒಂದೇ ನಂಬರ್. ಹೋದ ಅಂಕಿಗಳನ್ನು ಯಾವ ಲೆಕ್ಕದಿಂದಲೂ ವಾಪಸ್ ತರೋಕೆ ಆಗಲ್ಲ. ಹಳೇ ಬ್ಯಾಕಪ್‌ನಿಂದ ಒಂದಷ್ಟು ಸಿಕ್ಕವು. ಉಳಿದವನ್ನು ಶೆಲ್ಫ್ ಮುಂದೆ ನಿಂತು ಒಂದೊಂದಾಗಿ ಸ್ಕ್ಯಾನ್ ಮಾಡಿದೆವು.

ಆವತ್ತೇ ಒಂದು ತೀರ್ಮಾನ ಮಾಡಿದೆ. ಬಾರ್‌ಕೋಡ್ ಅಂಕಿಗಳಲ್ಲಿ ಬರೆದ ಹೆಸರು, ಸಂಖ್ಯೆ ಅಲ್ಲ. ಅದನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಅದು ಇರಬೇಕಾದ್ದು ಟೆಕ್ಸ್ಟ್ ಕಾಲಂನಲ್ಲಿ, ಅದೂ ಸರಿಯಾಗಿ 14 ಅಂಕಿ, ಎಡಗಡೆ ಸೊನ್ನೆ ತುಂಬಿ.

ಯಾಕೆ 14? ಬಾರ್‌ಕೋಡಿನಲ್ಲಿ ಹಲವು ಬಗೆ ಇವೆ. ಇಎಎನ್-8 ಅಂದರೆ 8 ಅಂಕಿ, ಯುಪಿಸಿ-ಎ 12, ಇಎಎನ್-13 ಹೆಸರೇ ಹೇಳುವ ಹಾಗೆ 13, ಪೆಟ್ಟಿಗೆಗಳ ಮೇಲೆ ಬರುವುದು 14. ಇವೆಲ್ಲ ಜಿಎಸ್1 ಅನ್ನುವ ಅಂತರರಾಷ್ಟ್ರೀಯ ಬಾರ್‌ಕೋಡ್ ಸಂಸ್ಥೆ ಕೊಡುವ ಒಂದೇ ಸಾಲಿನ ನಂಬರುಗಳು, ಉದ್ದ ಮಾತ್ರ ಬೇರೆ. ಎಡಗಡೆ ಎಷ್ಟು ಸೊನ್ನೆ ಹಾಕಿದರೂ ನಂಬರ್ ಕೆಡುವುದಿಲ್ಲ. ಕಾರಣ, ಕೊನೆಯ ಚೆಕ್ ಡಿಜಿಟ್‌ನ (ತಪ್ಪು ಹಿಡಿಯೋಕೆ ಇಟ್ಟ ಅಂಕಿಯ) ಲೆಕ್ಕ ಬಲಗಡೆಯಿಂದ ಶುರುವಾಗುತ್ತದೆ. ಮೇಲಿನ ನಂಬರನ್ನೇ ನೋಡಿ. ಕೊನೆಯ 2 ಬಿಟ್ಟು, ಬಲದಿಂದ ಎಡಕ್ಕೆ ಒಂದು ಅಂಕಿಗೆ 3, ಮುಂದಿನದಕ್ಕೆ 1, ಹೀಗೆ ಗುಣಿಸುತ್ತಾ ಕೂಡಿದರೆ 58. ಮುಂದಿನ ಹತ್ತರ ಗುಣಕ 60. ಅಲ್ಲಿಗೆ ಬೇಕಾದ್ದು 2, ಅದೇ ಕೊನೆಯ ಅಂಕಿ. ಎಡಗಡೆ ಸೊನ್ನೆಗಳು ಈ ಮೊತ್ತಕ್ಕೆ ಏನೂ ಸೇರಿಸಲ್ಲ, ಅಲ್ವಾ? ಹಾಗಾಗಿ ಎಕ್ಸೆಲ್ ಸೊನ್ನೆ ತಿಂದ 36000291452 ಆಗಲಿ, ಪ್ಯಾಕೆಟ್ಟಿನ 036000291452 ಆಗಲಿ, ಎರಡೂ 00036000291452 ಆಗಿ ಒಂದೇ ಕಡೆ ಬಂದು ನಿಲ್ಲುತ್ತವೆ.

ಇದರಿಂದ ಇನ್ನೊಂದು ಹಳೇ ತಲೆನೋವೂ ಹೋಯಿತು. ಒಂದು ಕೌಂಟರಿನ ಸ್ಕ್ಯಾನರ್ ಯುಪಿಸಿ-ಎ ಅನ್ನು 12 ಅಂಕಿಯಾಗಿ ಕಳಿಸುತ್ತಿತ್ತು, ಪಕ್ಕದ್ದು ಮುಂದೆ ಸೊನ್ನೆ ಸೇರಿಸಿ 13 ಮಾಡಿ ಕಳಿಸುತ್ತಿತ್ತು. ಎರಡೂ ತಪ್ಪಲ್ಲ, ಸೆಟ್ಟಿಂಗ್ ಬೇರೆ ಅಷ್ಟೇ. ಆದರೆ ಒಂದು ಮಾತು: ಅಂಗಡಿಯವರು ತಾವೇ ಕೊಟ್ಟುಕೊಳ್ಳುವ ನಾಲ್ಕೈದು ಅಂಕಿಯ ಐಟಂ ಕೋಡುಗಳನ್ನು ಈ ಕಾಲಂಗೆ ಹಾಕಬೇಡಿ. ಅವಕ್ಕೆ ಬೇರೆ ಕಾಲಂ ಇರಲಿ.

ನನ್ನನ್ನು ಜಾಸ್ತಿ ಕಾಡಿದ್ದು 8 ಅಂಕಿ. ಚಿಕ್ಕ ಪ್ಯಾಕೆಟ್ಟುಗಳ ಮೇಲೆ ಎರಡು ಥರದ 8 ಅಂಕಿ ಬರುತ್ತದೆ. ಒಂದು ಇಎಎನ್-8. ಅದು ಇದ್ದ ಹಾಗೇ ನಂಬರ್. ಇನ್ನೊಂದು ಯುಪಿಸಿ-ಇ. ಇದು 12 ಅಂಕಿಯ ನಂಬರಿನಿಂದ ಸೊನ್ನೆಗಳನ್ನು ತೆಗೆದು ಒತ್ತಿ ಚಿಕ್ಕದು ಮಾಡಿದ್ದು. 01234565 ಅನ್ನು ಬಿಡಿಸಿದರೆ 012345000065 ಆಗುತ್ತದೆ. ಬಿಡಿಸದೆ ಸುಮ್ನೆ ಸೊನ್ನೆ ತುಂಬಿದರೆ ಅದು ಬೇರೆಯೇ ಐಟಂ.

ಚೆಕ್ ಡಿಜಿಟ್ ನೋಡಿ ಯಾವುದು ಯಾವುದು ಅಂತ ಹೇಳಬಹುದು ಅಂದುಕೊಂಡಿದ್ದೆ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. 01234565 ಇಎಎನ್-8 ಆಗಿಯೂ ಸರಿ, ಬಿಡಿಸಿದ ಮೇಲೆ ಯುಪಿಸಿ-ಎ ಆಗಿಯೂ ಸರಿ! ಇಲ್ಲಿ ನಡುವೆ ನಾಲ್ಕು ಸೊನ್ನೆ ಸೇರುತ್ತದೆ. ನಾಲ್ಕು ಸಮಸಂಖ್ಯೆ ಆದ್ದರಿಂದ 3, 1ರ ಸರದಿ ಕದಲುವುದಿಲ್ಲ, ಮೊತ್ತ ಅದೇ ಬರುತ್ತದೆ. ಅಂದರೆ ಬರೀ ಅಂಕಿ ನೋಡಿ ಪ್ರೋಗ್ರಾಂ ಇದು ಯಾವ ಥರದ್ದು ಅಂತ ಹೇಳಲಾರದು. ಗೆರೆಗಳನ್ನು ಓದಿದ ಸ್ಕ್ಯಾನರಿಗೆ ಮಾತ್ರ ಅದು ಗೊತ್ತು. ಹಾಗಾಗಿ ಎಲ್ಲಾ ಸ್ಕ್ಯಾನರುಗಳಲ್ಲೂ ಯುಪಿಸಿ-ಇ ಅನ್ನು ಬಿಡಿಸಿಯೇ ಕಳಿಸುವ ಸೆಟ್ಟಿಂಗ್ ಆನ್ ಮಾಡಿದೆ. ಆಮೇಲೆ 8 ಅಂಕಿ ಬಂದರೆ ಅದು ಇಎಎನ್-8 ಅಂತ ನಂಬಬಹುದು. ಕೈಯಲ್ಲಿ ಟೈಪ್ ಮಾಡಿದಾಗ ಮಾತ್ರ ಎರಡೂ ರೀತಿ ಹುಡುಕಿ, ಐಟಂ ಹೆಸರು ತೋರಿಸಿ ಕ್ಯಾಷಿಯರನ್ನೇ ಕೇಳುತ್ತೇನೆ.

ಟೈಪ್ ಮಾಡುವಾಗ ಚೆಕ್ ಡಿಜಿಟ್ ಒಂದು ಅಂಕಿಯ ತಪ್ಪನ್ನು ಖಂಡಿತ ಹಿಡಿಯುತ್ತದೆ. ಆದರೆ 16 ಅನ್ನು 61 ಮಾಡಿದರೆ ಹಿಡಿಯಲ್ಲ, ಯಾಕೆಂದರೆ ಐದರ ವ್ಯತ್ಯಾಸ ಇರುವ ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ಮೊತ್ತದ ಕೊನೆಯ ಅಂಕಿ ಬದಲಾಗುವುದಿಲ್ಲ. ಅದಕ್ಕೇ ಹೆಸರು ತೋರಿಸುವುದು ಮುಖ್ಯ.

ತೂಕದ ಲೇಬಲ್‌ಗಳಿಗೆ ಬೇರೆ ದಾರಿ. 2ರಿಂದ ಶುರುವಾಗುವ 13 ಅಂಕಿಯ ನಂಬರುಗಳು ಅಂಗಡಿಯ ಒಳಗಿನ ಬಳಕೆಗೆ. 2112345007502 ಅಂತ ಬಂದರೆ, ನಾವು ತಕ್ಕಡಿಯಲ್ಲಿ ಮಾಡಿಕೊಂಡ ಹೊಂದಿಕೆಯಲ್ಲಿ 12345 ಐಟಂ, 00750 ಗ್ರಾಂ. ಇಡೀ ನಂಬರನ್ನು ಹುಡುಕಿದರೆ ಯಾವತ್ತೂ ಸಿಗಲ್ಲ, ತೂಕ ಬದಲಾದ ಹಾಗೆ ನಂಬರೂ ಬದಲಾಗುತ್ತದೆ. ಈ ಹೊಂದಿಕೆ ಎಲ್ಲಾ ಕಡೆ ಒಂದೇ ಅಲ್ಲ, ಕೆಲವರು ತೂಕದ ಜಾಗದಲ್ಲಿ ಬೆಲೆ ಇಡುತ್ತಾರೆ. ಹಾಗಾಗಿ ಅದನ್ನು ಪ್ರೋಗ್ರಾಂ ಒಳಗೇ ಬರೆಯದೆ ಸೆಟ್ಟಿಂಗ್‌ನಲ್ಲಿ ಇಟ್ಟೆ.

ಪೆಟ್ಟಿಗೆಯ ನಂಬರಿನಿಂದ ಮೊದಲ ಅಂಕಿ ಕಿತ್ತು ಬಿಡಿ ಐಟಂ ಹುಡುಕುವ ಆಸೆ ಬೇಡ. ಮುಂದೆ 1 ಸೇರಿದರೆ ಚೆಕ್ ಡಿಜಿಟ್ಟೂ ಬದಲಾಗಿ 10036000291459 ಆಗುತ್ತದೆ. ಅದನ್ನು ಪ್ರತ್ಯೇಕ ಸಾಲಾಗಿಟ್ಟು, ಒಳಗೆ ಎಷ್ಟು ಬಿಡಿ ಇದೆ ಅಂತ ಬರೆಯಿರಿ.

ಈಗ ಕೈಯಲ್ಲಿರುವ ಕೆಲಸ ಚೌಕದ 2ಡಿ ಕೋಡುಗಳದ್ದು. 2027ರ ಕೊನೆಗೆ ಬಿಲ್ಲಿಂಗ್ ಕೌಂಟರುಗಳು ಅವನ್ನೂ ಓದುವಂತಾಗಬೇಕು ಅನ್ನುವುದು ಜಿಎಸ್1 ಗುರಿ. ಅದರಲ್ಲಿ ಒಂದೊಂದು ವಿವರದ ಮುಂದೆಯೂ ಅದು ಏನು ಅಂತ ಹೇಳುವ ಗುರುತಿನ ಅಂಕಿಗಳಿರುತ್ತವೆ. 01 ಆದಮೇಲೆ ಬರುವುದು 14 ಅಂಕಿಯ ನಂಬರೇ, ನನ್ನ ಕಾಲಂಗೆ ನೇರ ಕೂರುತ್ತದೆ. 17 ಆದಮೇಲೆ ಬಳಕೆಯ ಕೊನೆಯ ದಿನಾಂಕ, 10 ಆದಮೇಲೆ ಬ್ಯಾಚ್. ಬ್ಯಾಚಿನ ಉದ್ದ ನಿಗದಿ ಇಲ್ಲ, ಅದಾದ ಮೇಲೆ ಇನ್ನೇನಾದರೂ ಇದ್ದರೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಬರಬೇಕು. ಕೀಬೋರ್ಡ್ ಥರ ಟೈಪ್ ಮಾಡುವ ನಮ್ಮ ಸ್ಕ್ಯಾನರ್ ಅದನ್ನು ನುಂಗಿಹಾಕುತ್ತಿದೆ. ಈ ವಾರ ಸ್ಕ್ಯಾನರನ್ನು ಸೀರಿಯಲ್ ಮೋಡಿಗೆ (ಕೀಬೋರ್ಡ್ ಥರ ಟೈಪ್ ಮಾಡದೆ ಓದಿದ್ದನ್ನು ನೇರ ಕಳಿಸುವ ರೀತಿಗೆ) ಹಾಕಿ ನೋಡುತ್ತಿದ್ದೇನೆ.