‘ಶರಪಂಜರ’ದ ಜಾಡಿನಲ್ಲಿ ಮಡಿಕೇರಿಯಿಂದ ಮೈಸೂರಿಗೆ

ಸಿನಿಮಾ ಚಿತ್ರೀಕರಣ ನಡೆದ ಜಾಗ ನೋಡಲು ಕೊಡಗಿಗೆ ಬರುವವರಿಗೇನೂ ಕೊರತೆಯಿಲ್ಲ. ನಾಯಕಿ ನಿಂತಲ್ಲಿ ತಾವೂ ನಿಂತು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಮಡಿಕೇರಿಯ ನಮ್ಮ ಮಹಿಳಾ ಓದು ಬಳಗದ ಪ್ರವಾಸದ ಹೊಣೆ ನನಗೆ ಬಂದಾಗ, ಕಥೆ ತೆರೆಯ ಮೇಲೆ ಅರಳಿದ ಜಾಗವನ್ನು ನೋಡಿ, ಅದನ್ನು ಬರೆದವರು ಓದಿದ ಊರಿಗೂ ಹೋಗಬೇಕೆಂದು ಹಠ ಹಿಡಿದೆ. ಆರಿಸಿಕೊಂಡದ್ದು ‘ಶರಪಂಜರ’. ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದ ಈ ಚಿತ್ರದ ‘ಕೊಡಗಿನ ಕಾವೇರಿ’ ಹಾಡು ನಮ್ಮ ನಾಡಿನಲ್ಲೇ ಚಿತ್ರಿತವಾದದ್ದು. ಮೂಲ ಕಾದಂಬರಿ ಬರೆದ ತ್ರಿವೇಣಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು.

ಕಾದಂಬರಿ ಓದಿದವರಿಗೆ ಮಾತ್ರ ವಾಹನದಲ್ಲಿ ಜಾಗ ಎಂಬ ಷರತ್ತು ಹಾಕಿದೆ. ಗೊಣಗಿದವರೂ ಓದಿ ಮುಗಿಸಿದರು. ದಿನ ಗೊತ್ತುಮಾಡುವುದೇ ಕಷ್ಟದ ಕೆಲಸ. ಮಳೆಗಾಲದಲ್ಲಿ ಕಾಫಿ ತೋಟಕ್ಕೆ ಕಾಲಿಟ್ಟರೆ ಜಿಗಣೆ. ಕೊಯ್ಲು ಶುರುವಾದರೆ ತೋಟದ ಮನೆಯ ಯಾರಿಗೂ ಪುರುಸೊತ್ತಿಲ್ಲ. ತಲಕಾವೇರಿಯಲ್ಲಿ ತುಲಾ ಸಂಕ್ರಮಣಕ್ಕೆ ಸೇರುವ ಜನಸಂದಣಿ ಕರಗಿದ ಮೇಲೆ, ಅರೇಬಿಕಾ ಕಾಫಿಯ ಕೊಯ್ಲು ಬಿರುಸಾಗುವ ಮೊದಲು ಸಿಗುವ ಆ ಸಣ್ಣ ಬಿಡುವೇ ನಮಗೆ ಒದಗಿತು. ಕಾಲೇಜು ನಡೆಯುತ್ತಿರುವಾಗಲೇ ನೋಡಬೇಕೆಂಬ ಆಸೆಯಿಂದ ಭಾನುವಾರ ಬಿಟ್ಟು ವಾರದ ದಿನ ಹಿಡಿದೆ. ಭಾನುವಾರ ಸಂಜೆಯ ಅರಮನೆ ದೀಪಾಲಂಕಾರ ತಪ್ಪಿತೆಂದು ಕೆಲವರಿಗೆ ಬೇಸರವಾಯಿತು, ಆದರೆ ನನಗೆ ಪಾಠ ನಡೆಯುವ ಕೋಣೆಗಳ ಸದ್ದು ಬೇಕಿತ್ತು.

ಹಾಡಿನ ದೃಶ್ಯಗಳನ್ನು ಮುದ್ರಿಸಿಕೊಂಡು ಹಿರಿಯರ ಬಳಿ ಹೋಗಿ ವಿಚಾರಿಸಿದೆ. “ಇಂಥ ತಿರುವು ಎಷ್ಟಿಲ್ಲಮ್ಮಾ ಇಲ್ಲಿ! ಆಗ ಈ ಮರಗಳೆಲ್ಲ ಇಷ್ಟೆತ್ತರ ಎಲ್ಲಿದ್ದವು?” ಎಂದರು ಒಬ್ಬ ಅಜ್ಜ. ನಿಜ. ಸಿಲ್ವರ್ ಓಕ್ ಬೆಳೆದು ನೋಟವನ್ನೇ ಮುಚ್ಚಿದೆ. ಕೊಡಗಿನ ಕಿತ್ತಳೆ ರೋಗಕ್ಕೆ ತುತ್ತಾಗಿ ಎಷ್ಟೋ ತೋಟಗಳಿಂದ ಮರೆಯಾಗಿದೆ. ಹಾಗಾಗಿ ಇದೇ ಕಲ್ಲು, ಇದೇ ತಿರುವು ಎಂದು ತೋರಿಸುವ ಗೋಜಿಗೆ ಹೋಗದೆ, ಪರಿಚಯದ ಬೆಳೆಗಾರರೊಬ್ಬರ ಒಪ್ಪಿಗೆ ಪಡೆದು ಅವರ ತೋಟದಲ್ಲಿ ಕುಳಿತು ಹಾಡು ಕೇಳಿದೆವು. ತೋಟಗಳು ಖಾಸಗಿ ಆಸ್ತಿ. ಹಾಡಿನ ನೆಪದಲ್ಲಿ ಬೇಲಿ ದಾಟುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮರುದಿನ ನಸುಕಿನಲ್ಲಿ ಹೊರಟೆವು. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ಹಾದು ಮೈಸೂರಿಗೆ ಸುಮಾರು 120 ಕಿಲೋಮೀಟರ್.

ಪ್ರಾಂಶುಪಾಲರಿಗೆ ಮೊದಲೇ ಪತ್ರ ಬರೆದಿದ್ದೆ. ಮಹಾರಾಜ ಕಾಲೇಜಿನೊಳಗೆ ನಿಧಾನವಾಗಿ ಅಡ್ಡಾಡಲು ಸಾಧ್ಯವಾಯಿತು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಅಲ್ಲಿ ಮನಶ್ಶಾಸ್ತ್ರ ವಿಭಾಗವನ್ನು 1924ರಲ್ಲೇ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ರೇಡಿಯೊ ಆರಂಭಿಸಿದವರೂ ಅವರೇ. ಮನಸ್ಸಿನ ಕಾಯಿಲೆಯನ್ನು ದೆವ್ವವೆಂದು ಕಾಣುತ್ತಿದ್ದ ಕಾಲದಲ್ಲಿ ಅದನ್ನು ಅಧ್ಯಯನದ ವಿಷಯವಾಗಿ ಕಂಡ ಪರಿಸರವಿದು. ಬಾಣಂತನದಲ್ಲಿ ಮನಸ್ಸಿನ ಹತೋಟಿ ತಪ್ಪಿ, ಗುಣಮುಖಳಾಗಿ ಮರಳಿದ ಮೇಲೂ ಮನೆಯವರ ಅನುಮಾನದ ಕಣ್ಣುಗಳ ನಡುವೆ ನಲುಗುವ ನಾಯಕಿ ಕಾವೇರಿಯ ಕಥೆಗೆ ಇಲ್ಲಿನ ಕಲಿಕೆ ನೀರೆರೆದಿದೆ ಎಂದೇ ನನ್ನ ನಂಬಿಕೆ.

ಕಾಲೇಜಿನ ಆವರಣದಲ್ಲಿ ನೆರಳು ಹುಡುಕಿ ಕುಳಿತು, ಕಾವೇರಿ ಆಸ್ಪತ್ರೆಯಿಂದ ಮನೆಗೆ ಮರಳುವ ಭಾಗವನ್ನು ಓದಿದೆ. ತ್ರಿವೇಣಿಯವರು 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರೆಂದೂ, ಚಿತ್ರವನ್ನು ಅವರು ಕಾಣಲಿಲ್ಲವೆಂದೂ ಹೇಳಿದೆ. ಸಭೆಗಳಲ್ಲಿ ಬಾಯಿ ಬಿಡದ ಅಕ್ಕನೊಬ್ಬರು ಆಗ ಮಾತಿಗೆ ತೊಡಗಿದರು. ಹೆರಿಗೆಯಾದ ಮೇಲೆ ಅವರ ತಂಗಿ ಮಗುವನ್ನು ಮುಟ್ಟಲೂ ಹೆದರುತ್ತಿದ್ದಳಂತೆ. ಮನೆಯಲ್ಲಿ ತಾಯತ ಕಟ್ಟಿಸಿದರಂತೆ. “ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ, ನಾನೂ ಹೇಳಲಿಲ್ಲ” ಎಂದರು. ಅವರ ಮಾತು ಮುಗಿಯುವವರೆಗೂ ಯಾರೂ ಏಳಲಿಲ್ಲ. ವಿಶ್ವವಿದ್ಯಾನಿಲಯದ ಆಡಳಿತ ಕಚೇರಿಯಿರುವ ಕ್ರಾಫರ್ಡ್ ಭವನವನ್ನು ಹೊರಗಿನಿಂದಷ್ಟೇ ನೋಡಿದೆವು. ಕುವೆಂಪು ಹೆಸರಿಟ್ಟ ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿಗೂ, ಪಕ್ಕದ ಕುಕ್ಕರಹಳ್ಳಿ ಕೆರೆಗೂ ಸಂಜೆ ಒಂದು ಸುತ್ತು ಹಾಕಿದ್ದಷ್ಟೇ. ಅದಕ್ಕಾಗಿ ನನಗೆ ಕಿಂಚಿತ್ತೂ ಬೇಸರವಿಲ್ಲ.

ಹಿಂದಿರುಗುವಾಗ ಹುಣಸೂರಿನಲ್ಲಿ ಕಾಫಿಗೆ ನಿಲ್ಲಿಸಿದೆವು. ಮುಂದಿನ ಸಭೆಗೆ ಹೊಸ ಪುಸ್ತಕ ಬೇಡ, ಬಾಣಂತಿಯರ ಖಿನ್ನತೆಯ ಬಗ್ಗೆ ಮಾತನಾಡಲು ಮನೋವೈದ್ಯರೊಬ್ಬರನ್ನು ಕರೆಯೋಣ, ಆಶಾ ಕಾರ್ಯಕರ್ತೆಯರಿಗೂ ಹೇಳಿ ಕಳಿಸೋಣ ಎಂದು ಅಲ್ಲೇ ತೀರ್ಮಾನವಾಯಿತು. ವೈದ್ಯರನ್ನು ಒಪ್ಪಿಸುವ ಕೆಲಸವನ್ನು ಆ ಅಕ್ಕನೇ ವಹಿಸಿಕೊಂಡರು.