ನೀರಿನ ಜಾಡು ಹಿಡಿದು ಮಾರವಾಡದಲ್ಲಿ ಹನ್ನೊಂದು ದಿನ

ಜೋಧಪುರದಲ್ಲಿ ರಾತ್ರಿ ರೈಲು ಹತ್ತಿ ಮಲಗಿದರೆ ಕಣ್ಣು ಬಿಡುವಷ್ಟರಲ್ಲಿ ಜೈಸಲ್ಮೇರ್. ಮೊದಲ ಸಲ ನಾನೂ ಹಾಗೇ ಹೋಗಿದ್ದೆ. ಎರಡು ಕೋಟೆ ನೋಡಿದೆ, ಒಂಟೆ ಹತ್ತಿದೆ, ಫೋಟೊ ತೆಗೆದುಕೊಂಡು ವಾಪಸ್ ಬಂದೆ. ಮನೆಗೆ ಬಂದ ಮೇಲೆ ಒಂದು ಪ್ರಶ್ನೆ ಬೆನ್ನು ಹತ್ತಿತು. ಮಳೆಯೇ ಅಪರೂಪವಾದ ಆ ನೆಲದಲ್ಲಿ ಅಷ್ಟು ದೊಡ್ಡ ಊರುಗಳು ಎದ್ದದ್ದು ಹೇಗೆ? ಅಷ್ಟೊಂದು ದೇವಸ್ಥಾನ ಕಟ್ಟಿದ ಕೈಗಳಿಗೆ ಕುಡಿಯುವ ನೀರು ಎಲ್ಲಿಂದ ಬಂತು? ನಾನು ನೋಡಿದ ಯಾವ ಅರಮನೆಯಲ್ಲೂ ಅದಕ್ಕೆ ಉತ್ತರ ಸಿಕ್ಕಿರಲಿಲ್ಲ.

ಎರಡನೇ ಸಲ, ಡಿಸೆಂಬರ್ ಕೊನೆಯಲ್ಲಿ, ಅದೇ ರೈಲು ದಾರಿಯನ್ನು ತುಂಡು ತುಂಡಾಗಿ ಹಿಡಿದೆ. ಓಸಿಯಾನ್, ಫಲೋದಿ, ರಾಮದೇವರಾ, ಹೀಗೆ ಸಣ್ಣ ಸ್ಟೇಷನ್ನುಗಳಲ್ಲೆಲ್ಲ ಇಳಿಯುತ್ತಾ ಜೈಸಲ್ಮೇರ್ ಮುಟ್ಟಿ, ಅಲ್ಲಿಂದ ಬಸ್ಸಿನಲ್ಲಿ ಬಾಡಮೇರ್. ಯಾವ ಊರಲ್ಲಿ ಇಳಿದರೂ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: ಇಲ್ಲಿನ ಹಳೆಯ ನೀರು ಎಲ್ಲಿದೆ?

ಬೆನ್ನಚೀಲ ಏಳು ಕೆಜಿ ದಾಟದಂತೆ ನೋಡಿಕೊಂಡೆ. ಎರಡು ಜೊತೆ ಬಟ್ಟೆ, ಒಂದು ದಪ್ಪ ಶಾಲು, ಉಣ್ಣೆಯ ಟೋಪಿ, ಎರಡು ಲೀಟರ್ ನೀರಿನ ಬಾಟಲಿ, ಓಆರ್‌ಎಸ್ ಪೊಟ್ಟಣ, ಟಾರ್ಚ್, ಒಂದು ಹತ್ತಿ ಪಂಚೆ. ಪಂಚೆಯೇ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಕಿಟಕಿ ಎಷ್ಟೇ ಬಿಗಿಯಾಗಿ ಮುಚ್ಚಿದರೂ ಹಿಟ್ಟಿನಂಥ ಮರಳು ಬೋಗಿಯೊಳಗೆ ಬಂದೇ ಬರುತ್ತದೆ, ಮೂಗು ಬಾಯಿಗೆ ಸುತ್ತಿಕೊಳ್ಳಲು ಏನಾದರೂ ಬೇಕು. ಮಧ್ಯಾಹ್ನ ಬಿಸಿಲು ಹಿತವಾಗಿರುತ್ತದೆ, ಆದರೆ ಹೊತ್ತು ಮುಳುಗಿದ ಗಂಟೆಯೊಳಗೆ ಹಲ್ಲು ಕಟಕಟಿಸುವ ಚಳಿ. ಶಾಲು ಸಾಕೆಂದು ಸ್ವೆಟರ್ ಬಿಟ್ಟುಹೋದ ನನಗೆ ಮೂರನೇ ರಾತ್ರಿಯೇ ಜ್ವರ ಬಂತು. ಸ್ವೆಟರ್ ಬಿಡಬೇಡಿ.

ಜೋಧಪುರದಲ್ಲಿ ಎಲ್ಲರೂ ಮೊದಲು ಮೇಹರಾನ್‌ಗಢ ಹತ್ತುತ್ತಾರೆ. ನಾನು ಕೋಟೆಯ ಬುಡದಿಂದ ಶುರು ಮಾಡಿದೆ. ರಾವ್ ಜೋಧಾ 1459ರಲ್ಲಿ ಮಂಡೋರದಿಂದ ರಾಜಧಾನಿಯನ್ನು ಈ ಬಂಡೆಗುಡ್ಡಕ್ಕೆ ತಂದಾಗ ಅಲ್ಲಿ ಚಿಡಿಯಾನಾಥ ಎಂಬ ಸಾಧು ಇದ್ದನಂತೆ. ಎಬ್ಬಿಸಿ ಕಳಿಸಿದ್ದಕ್ಕೆ ಸಿಟ್ಟಾಗಿ 'ನಿನ್ನ ಕೋಟೆಗೆ ನೀರಿನ ಬರ ತಪ್ಪದಿರಲಿ' ಎಂದು ಶಪಿಸಿದ ಎನ್ನುವುದು ಊರಿನ ಕಥೆ. ಕೋಟೆಗೆ ಕೊಡಬಹುದಾದ ಶಾಪಗಳು ನೂರಾರು ಇದ್ದರೂ ಇಲ್ಲಿಯ ಜನ ನೆನಪಿಟ್ಟುಕೊಂಡದ್ದು ನೀರಿನ ಶಾಪವನ್ನು. ಕೋಟೆಯ ಪಕ್ಕದಲ್ಲೇ ರಾಣೀಸರ್, ಪದಮ್‌ಸರ್ ಎಂಬ ಎರಡು ಕೆರೆಗಳಿವೆ. ಗೋಡೆಯ ಮೇಲಿಂದ ನೋಡಿದರೆ ನೀಲಿ ಮನೆಗಳ ಸಾಲು ಆ ತಗ್ಗಿನ ಸುತ್ತಲೇ ಗುಂಪುಗೂಡಿರುವುದು ಕಾಣುತ್ತದೆ. ಹಳೇ ಊರಿನೊಳಗಿನ ತೂರ್‌ಜಿ ಕಾ ಝಾಲರಾ 1740ರ ದಶಕದ ಮೆಟ್ಟಿಲುಬಾವಿ, ಮಹಾರಾಜ ಅಭಯಸಿಂಹನ ರಾಣಿ ಕಟ್ಟಿಸಿದ್ದು. ಬಹಳ ಕಾಲ ಕಸ, ಹೂಳಿನಲ್ಲಿ ಮುಚ್ಚಿಹೋಗಿದ್ದನ್ನು ಈಚೆಗೆ ತೋಡಿ ತೆಗೆದಿದ್ದಾರೆ. ಬೆಳಗ್ಗೆ ಏಳಕ್ಕೆ ಹೋದರೆ ಕೆಂಪು ಕಲ್ಲಿನ ಮೆಟ್ಟಿಲುಗಳ ಮೇಲೆ ಪಾರಿವಾಳ ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ.

ಜೋಧಪುರದಿಂದ ಉತ್ತರಕ್ಕೆ ಸುಮಾರು 65 ಕಿ.ಮೀ. ದೂರದ ಓಸಿಯಾನ್‌ಗೆ ಜನ ಕಾರಿನಲ್ಲಿ ಬಂದು ಎರಡು ಗಂಟೆ ನೋಡಿ ಹೋಗುತ್ತಾರೆ. ನಾನು ಎರಡು ರಾತ್ರಿ ಉಳಿದೆ. ಒಂದು ಜೈನ ಧರ್ಮಶಾಲೆಯಲ್ಲಿ ಜಾಗ ಸಿಕ್ಕಿತು. ಮೊದಲ ದಿನ ದೇವಸ್ಥಾನ ನೋಡುತ್ತಾ ಮೈಮರೆತು ಕತ್ತಲಾದ ಮೇಲೆ ಬಂದೆ, ಭೋಜನಶಾಲೆ ಮುಚ್ಚಿತ್ತು. ಜೈನರಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ ಎಂಬುದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಮರುದಿನ ಐದೂವರೆಗೇ ಪಂಕ್ತಿಯಲ್ಲಿ ಕೂತೆ.

ಓಸಿಯಾನ್‌ನಲ್ಲಿ ಎಂಟನೇ ಶತಮಾನದಿಂದ ಹಲವು ತಲೆಮಾರು ಕಟ್ಟಿದ ದೇವಸ್ಥಾನಗಳ ಗುಂಪೇ ಇದೆ. ಎತ್ತರದ ಜಗತಿಯ ಮೇಲೆ ಹರಿಹರ ದೇವಾಲಯಗಳು, ಒಂದು ಸೂರ್ಯ ದೇವಾಲಯ, ದಿಬ್ಬದ ಮೇಲೆ ಸಾಲು ತೋರಣಗಳ ಮೆಟ್ಟಿಲು ಹತ್ತಿ ಹೋಗುವ ಸಚಿಯಾ ಮಾತೆಯ ಗುಡಿ, ಕೆಳಗೆ ಮಹಾವೀರ ಜಿನಾಲಯ. ದೇಶದ ತುಂಬ ವ್ಯಾಪಾರಕ್ಕೆ ಹರಡಿರುವ ಓಸ್ವಾಲ್ ಜೈನರು ತಮ್ಮ ಮೂಲ ಇದೇ ಊರು ಎನ್ನುತ್ತಾರೆ. ಮಹಾವೀರ ಜಿನಾಲಯದ 956ರ ಶಾಸನವೊಂದು, ಈ ಬಸದಿ ಪ್ರತಿಹಾರ ದೊರೆ ವತ್ಸರಾಜನ ಕಾಲಕ್ಕೇ ಇತ್ತು ಎನ್ನುತ್ತದೆ. ಈ ಹೆಸರು ಕನ್ನಡಿಗರಿಗೆ ಹೊಸದಲ್ಲ. ರಾಷ್ಟ್ರಕೂಟ ಧ್ರುವ ಸೋಲಿಸಿದ್ದು ಇದೇ ವತ್ಸರಾಜನನ್ನು. ಅವನನ್ನು ಮರುಭೂಮಿಯ ನಡುವಿಗೆ ಅಟ್ಟಿದನೆಂದು ರಾಷ್ಟ್ರಕೂಟರ ತಾಮ್ರಪಟಗಳು ಹೇಳುತ್ತವೆ. ನಮ್ಮ ಕಡೆಯ ಬರಹದಲ್ಲಿ 'ಅಟ್ಟಿದ' ಎಂಬ ಒಂದೇ ಮಾತಾಗಿ ಉಳಿದ ಮರುಭೂಮಿಯಲ್ಲಿ ಅವನ ಕಾಲದ ಗುಡಿ ಇಂದಿಗೂ ಪೂಜೆ ಕಾಣುತ್ತಿದೆ. ಆ ಕಲ್ಲಿನ ನೆಲದ ಮೇಲೆ ಕೂತು ಅದನ್ನು ನೆನೆದಾಗ ಮೈ ಜುಮ್ಮೆಂದಿತು.

ಆದರೆ ನನ್ನನ್ನು ಎರಡನೇ ದಿನಕ್ಕೂ ಹಿಡಿದು ನಿಲ್ಲಿಸಿದ್ದು ಕಂಬಗಳು. ಚೌಕ ಕಂಬದ ಬುಡದಲ್ಲೂ ತಲೆಯಲ್ಲೂ ಒಂದೊಂದು ಕೊಡ. ಕೊಡದ ಬಾಯಿ ತುಂಬಿ ನಾಲ್ಕು ಮೂಲೆಗೂ ಎಲೆ ಬಳ್ಳಿ ಚೆಲ್ಲುತ್ತವೆ. ಶಿಲ್ಪಶಾಸ್ತ್ರದಲ್ಲಿ ಇದು ಪೂರ್ಣಘಟ. ಉತ್ತರದ ಎಷ್ಟೋ ಗುಡಿಗಳಲ್ಲಿ ನೋಡಿದ್ದೆ, ಅಲಂಕಾರವೆಂದುಕೊಂಡು ಮುಂದೆ ಹೋಗಿದ್ದೆ. ಇಲ್ಲಿ ಬೆರಳಿಟ್ಟು ನೋಡಿದೆ. ಕೊಡದ ಕತ್ತಿನ ಕೆಳಗೆ ಒಂದು ಎಳೆಯಷ್ಟು ತೆಳ್ಳಗಿನ ದಾರ ಕೆತ್ತಿದ್ದಾರೆ, ಮೇಲಿಂದ ಬಾಗಿದ ಎಲೆಯ ತುದಿ ಆ ದಾರವನ್ನು ಮುಟ್ಟಿಯೂ ಮುಟ್ಟದಂತೆ ನಿಂತಿದೆ. ಬಾಗಿಲವಾಡದ ಬುಡದಲ್ಲಿ ಗಂಗೆ, ಯಮುನೆ. ಹೊರಗೆ ಕಣ್ಣು ಹಾಯಿಸಿದರೆ ಖೇಜಡಿ ಮರ, ಮುಳ್ಳು ಪೊದೆ, ಮರಳು. ಒಳಗೆ ಕಂಬ ಕಂಬಕ್ಕೂ ತುಂಬಿ ಹರಿಯುವ ಕೊಡ. ಇದನ್ನು ಕೆತ್ತಿದವನಿಗೆ ಕೊಡ ತುಂಬುವುದೆಂದರೆ ಏನೆಂದು ಗೊತ್ತಿತ್ತು. ಊರಿನ ಪಾಳುಬಿದ್ದ ದೊಡ್ಡ ಮೆಟ್ಟಿಲುಬಾವಿಯನ್ನೂ ನೋಡಿದೆ. ಈಗ ಅದರತ್ತ ಯಾರೂ ತಿರುಗಿ ನೋಡುವುದಿಲ್ಲ, ಅದು ನನಗೆ ನಿಜಕ್ಕೂ ಬೇಸರ ತಂದಿತು.

ಫಲೋದಿಯಲ್ಲಿ ಇಳಿದದ್ದು ಪಕ್ಕದ ಖೀಚನ್ ಹಳ್ಳಿಗಾಗಿ. ಮಧ್ಯ ಏಷ್ಯಾ, ಮಂಗೋಲಿಯಾ ಕಡೆಯಿಂದ ಚಳಿಗಾಲಕ್ಕೆ ಬರುವ ಕುರ್ಜಾ ಕೊಕ್ಕರೆಗಳಿಗೆ ಊರಿನವರು ದಿನವೂ ಕಾಳು ಹಾಕುತ್ತಾರೆ. ಬೆಳಗಿನ ಚಳಿಯಲ್ಲಿ ಸಾವಿರಾರು ಹಕ್ಕಿ ಒಟ್ಟಿಗೆ ಕೂಗುತ್ತಾ ಇಳಿದಾಗ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಕಾಳು ತಿಂದ ಮೇಲೆ ಅವೂ ಹೋಗುವುದು ಕೆರೆಗೇ.

ರಾಮದೇವರಾದಲ್ಲಿ ಹಿಂದೂಗಳಿಗೆ ಬಾಬಾ ರಾಮದೇವ್, ಮುಸ್ಲಿಮರಿಗೆ ರಾಮಸಾ ಪೀರ್ ಆದ ಹಳೆಯ ಕಾಲದ ಸಂತನ ಸಮಾಧಿ ಇದೆ. ಭಾದ್ರಪದದ ಜಾತ್ರೆಗೆ ಜನ ನೂರಾರು ಕಿಲೋಮೀಟರ್ ನಡೆದು ಬರುತ್ತಾರೆ. ನಾನು ಹೋದಾಗ ಜಾತ್ರೆಯಿರಲಿಲ್ಲ, ಆದರೂ ಹರಕೆಯ ಬಟ್ಟೆಯ ಕುದುರೆಗಳನ್ನು ಹೊತ್ತವರ ಸಾಲು ಇತ್ತು. ಒಂದು ಕುದುರೆ ಅಂಗೈಯಷ್ಟು, ಇನ್ನೊಂದು ಆಳೆತ್ತರ. ಪಕ್ಕದಲ್ಲೇ ಅವನ ಭಕ್ತೆ, ಮೇಘವಾಲ ಸಮುದಾಯದ ಡಾಲಿಬಾಯಿಯ ಸಮಾಧಿ. ಇನ್ನೊಂದು ಬದಿಗೆ ಪರ್ಚಾ ಬಾವಡಿ ಎಂಬ ಮೆಟ್ಟಿಲುಬಾವಿ. ಅದರ ನೀರನ್ನು ಭಕ್ತರು ಬಾಟಲಿಯಲ್ಲಿ ಮನೆಗೆ ಒಯ್ಯುತ್ತಾರೆ.

ಜೈಸಲ್ಮೇರ್‌ಗೆ ಬರುವವರಿಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಕೋಟೆಯೊಳಗೆ ತಂಗಬೇಡಿ. ಮೊದಲ ಸಲ ನಾನು ತಂಗಿದ್ದೆ, ಕಿಟಕಿಯಿಂದ ಕಾಣುವ ನೋಟ ಚೆನ್ನಾಗಿತ್ತು ನಿಜ. 1156ರಲ್ಲಿ ರಾವಲ್ ಜೈಸಲ್ ಕಟ್ಟಲು ತೊಡಗಿದ ಈ ಕೋಟೆ 2013ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಇವತ್ತಿಗೂ ಒಳಗೆ ಜನ ವಾಸವಿದ್ದಾರೆ. ಗುಡ್ಡದ ಒಳಪದರ ಗಟ್ಟಿ ಬಂಡೆಯಲ್ಲ, ನೀರು ಕುಡಿದರೆ ಮೆತ್ತಗಾಗುವ ಮಣ್ಣು. ಬಿಂದಿಗೆ ಲೆಕ್ಕದಲ್ಲಿ ನೀರು ಬಳಸುತ್ತಿದ್ದ ಕಾಲಕ್ಕೆ ಕಟ್ಟಿದ ಕೋಟೆಗೆ ಕೊಳಾಯಿ ಬಂತು, ಅತಿಥಿಗೃಹಗಳ ಸ್ನಾನದಮನೆ ಬಂದವು, ಸೋರಿದ ನೀರೆಲ್ಲ ಬುಡಕ್ಕೆ ಇಳಿಯಿತು, ಕೆಲವು ಬುರುಜುಗಳೇ ಕುಸಿದವು. ಶತಮಾನಗಳ ಕಾಲ ನೀರಿಲ್ಲದೆ ಹೆಣಗಿದ ಕೋಟೆಗೆ ಈಗ ನೀರೇ ಮುಳುವು. ಈ ಸಲ ಕೆಳಗಿನ ಊರಲ್ಲಿ ಕೋಣೆ ಹಿಡಿದು, ದಿನವೂ ನಡೆದು ಮೇಲೆ ಹೋದೆ.

ಮೇಲಿನ ಏಳು ಜೈನ ದೇವಾಲಯಗಳನ್ನು ಹಳದಿ ಮರಳುಗಲ್ಲಿನಲ್ಲಿ ಕೆತ್ತಿದ್ದಾರೆ. ನಾನು ಹೋದಾಗ ಹೊರಗಿನವರಿಗೆ ಪ್ರವೇಶ ಮಧ್ಯಾಹ್ನದೊಳಗೆ ಮಾತ್ರ ಇತ್ತು. ಮೊದಲ ದಿನ ಬಾಗಿಲಿಗೆ ಮುಟ್ಟುವಾಗ ಹೊತ್ತು ಮೀರಿತ್ತು. ಚರ್ಮದ ಬೆಲ್ಟು, ಪರ್ಸು ಒಳಗೆ ಒಯ್ಯುವಂತಿಲ್ಲ, ಕೋಣೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು. ಸಂಭವನಾಥ ಬಸದಿಯ ಕೆಳಗಿನ ಜ್ಞಾನಭಂಡಾರದಲ್ಲಿ ತಾಳೆಗರಿಯ ಹಸ್ತಪ್ರತಿಗಳಿವೆ. ಹದಿನೈದನೇ ಶತಮಾನದಲ್ಲಿ ಆಚಾರ್ಯ ಜಿನಭದ್ರಸೂರಿ ಗ್ರಂಥಗಳನ್ನು ಕೂಡಿಸಿ ಇಟ್ಟ ಭಂಡಾರ ಅದು. ತೇವವೇ ಇಲ್ಲದ ಗಾಳಿ ಅವನ್ನು ಕಾಪಾಡಿದೆ. ಗೆದ್ದಲು, ಬೂಷ್ಟಿಗೆ ನಾವು ಎಷ್ಟು ಓಲೆಗರಿ ಕಳೆದುಕೊಂಡಿದ್ದೇವೆ ಎಂದು ನೆನೆದು ಆ ಸಣ್ಣ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತೆ.

ಗಡೀಸರ್ ಕೆರೆ ಹದಿನಾಲ್ಕನೇ ಶತಮಾನದ ರಾವಲ್ ಗಡಸಿಯ ಹೆಸರಿನದು, ಇಡೀ ಊರಿನ ಬಾಯಾರಿಕೆ ಬಹುಕಾಲ ನೀಗಿಸಿದ್ದು. ಅದರ ದಾರಿಯ ಹೆಬ್ಬಾಗಿಲನ್ನು ಟೀಲೋಂ ಎಂಬ ವೇಶ್ಯೆ ಕಟ್ಟಿಸಿದಳಂತೆ. ಅವಳು ಕಟ್ಟಿಸಿದ ಬಾಗಿಲ ಕೆಳಗೆ ನಡೆದು ನೀರು ತರುವುದೇ ಎಂದು ಅರಮನೆ ಕೆಡವಲು ಹೊರಟಾಗ, ಮೇಲೆ ದೇವರನ್ನು ಪ್ರತಿಷ್ಠೆ ಮಾಡಿಸಿ ಉಳಿಸಿಕೊಂಡಳಂತೆ. ಹವೇಲಿಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ, ನಾನು ಬಿಡುತ್ತೇನೆ. ಸಮ್ ಮರಳುದಿಬ್ಬಗಳಿಗೂ ಹೋಗಲಿಲ್ಲ.

ಅದರ ಬದಲು ಕುಲ್ಧರಾಕ್ಕೆ ಹೋದೆ. ಹತ್ತೊಂಬತ್ತನೇ ಶತಮಾನದ ಆರಂಭದ ಹೊತ್ತಿಗೆ ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಊರು. ದೆವ್ವದ ಕಥೆ ಕೇಳಿ ಬರುವವರೇ ಹೆಚ್ಚು. ಪಾಲಿವಾಲರ ನಿಜವಾದ ಕೆಲಸ ನೋಡಬೇಕಾದರೆ ಈ ಸುತ್ತಿನ ಖಡೀನ್‌ಗಳನ್ನು ನೋಡಬೇಕು. ಇಳಿಜಾರಿನ ಕೆಳತುದಿಗೆ ಉದ್ದನೆಯ ಮಣ್ಣಿನ ಏರಿ. ಗುಡ್ಡದ ಮೇಲೆ ಬಿದ್ದ ಮಳೆ ಹರಿದು ಬಂದು ಏರಿಗೆ ತಡೆದು ನಿಲ್ಲುತ್ತದೆ, ನೆಲ ಕುಡಿಯುತ್ತದೆ, ನೀರು ಆರಿದ ಮೇಲೆ ಆ ಹಸಿಯಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಹಿಂಗಾರಿಗೆ ಬೇರೆ ನೀರು ಬೇಕಿಲ್ಲ. ನಾನು ನೋಡಿದ ಒಂದು ಖಡೀನ್‌ನಲ್ಲಿ ಕಡಲೆ ಗಿಡ ಗೇಣೆತ್ತರ ನಿಂತಿತ್ತು, ಏರಿಯ ಆಚೆ ಒಂದು ಹುಲ್ಲುಕಡ್ಡಿಯೂ ಇಲ್ಲ. ಉತ್ತರ ಹುಡುಕಿಕೊಂಡು ಬಂದವನಿಗೆ ಆ ಏರಿಯ ಮೇಲೆ ನಿಂತಾಗ ಸಿಕ್ಕಷ್ಟು ಸಂತೋಷ ಯಾವ ಕೋಟೆಯೂ ಕೊಟ್ಟಿರಲಿಲ್ಲ.

ರಾಮಗಢದ ಕಡೆ ಹೋಗುವ ಬಸ್ಸಿನಲ್ಲಿ ಪರಿಚಯವಾದ ಮೇಷ್ಟ್ರೊಬ್ಬರು ತಮ್ಮ ಹಳ್ಳಿಯಲ್ಲಿ ಇಳಿಸಿಕೊಂಡು 'ಬೇರಿ' ತೋರಿಸಿದರು. ಕೆರೆಗೆ ಬಂದ ಮಳೆನೀರು ಇಲ್ಲಿ 'ಪಾಲರ್ ಪಾಣಿ', ಆಳದ ಬಾವಿಯ ಉಪ್ಪು ನೀರು 'ಪಾತಾಳ ಪಾಣಿ'. ಎರಡರ ನಡುವೆ ಮೂರನೆಯದು 'ರೇಜಾಣಿ ಪಾಣಿ': ಮರಳಿಗೆ ಇಳಿದ ಮಳೆ, ಕೆಳಗಿನ ಜಿಪ್ಸಂ ಪದರ ತಡೆದು ನಿಲ್ಲಿಸಿದ ತೇವ. ಅದಕ್ಕೆಂದೇ ಆಳು ಇಳಿಯುವಷ್ಟು ಕಿರಿದಾದ ಬಾವಿ ತೋಡುತ್ತಾರೆ. ಮರಳಿನಿಂದ ಒಸರುವ ಹನಿಗಳು ರಾತ್ರಿಯಿಡೀ ತಳದಲ್ಲಿ ಕೂಡುತ್ತವೆ. ಅಜ್ಜಿಯೊಬ್ಬರು ಟಯರ್ ಟ್ಯೂಬಿನಿಂದ ಹೊಲಿದ ಸಣ್ಣ ಚೀಲ ಇಳಿಬಿಟ್ಟರು. ತಳ ಮುಟ್ಟಿದ ಸದ್ದು ಬರಲಿಲ್ಲ, ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದು ಭಾರ ಆದದ್ದನ್ನು ತಿಳಿದರು. ಮೇಲೆಳೆದಾಗ ಅರ್ಧ ಚೀಲ. ಓಢನಿಯ ಅಂಚು ಮಡಿಸಿ ಸೋಸಿ ಮೊದಲ ಲೋಟ ನನಗೇ ಕೊಟ್ಟರು. ಬೇಡ ಎನ್ನಲು ಬಾಯಿ ಬರಲಿಲ್ಲ. ತಣ್ಣಗೆ, ಸಿಹಿಯಾಗಿತ್ತು. ಆ ದಿನ ನನ್ನ ಬಾಟಲಿ ತುಂಬಿಸಿಕೊಳ್ಳಲು ಮನಸ್ಸಾಗಲಿಲ್ಲ.

ಬಾಡಮೇರ್‌ನಿಂದ ಸುಮಾರು 35 ಕಿ.ಮೀ. ದೂರದ ಕಿರಾಡೂಗೆ ಜೀಪು ಮಾಡಿಕೊಳ್ಳಬೇಕಾಯಿತು. ಉಳಿದಂತೆ ಊಟ, ವಸತಿ, ರೈಲು, ಬಸ್ಸು ಸೇರಿ ದಿನಕ್ಕೆ 1,200 ರೂಪಾಯಿಯಲ್ಲಿ ಮುಗಿಸಿದ್ದೆ, ಆ ಒಂದು ದಿನ ಮಾತ್ರ ಲೆಕ್ಕ ತಪ್ಪಿತು. ತಪ್ಪಲಿ. ಹನ್ನೊಂದು, ಹನ್ನೆರಡನೇ ಶತಮಾನದ ಐದು ಗುಡಿಗಳು, ಎಲ್ಲವೂ ಮುಕ್ಕಾಗಿವೆ, ಆದರೂ ಸೋಮೇಶ್ವರನ ಅಧಿಷ್ಠಾನದ ಆನೆಗಳ ಸಾಲಿನ ಮುಂದೆ ಒಂದು ಗಂಟೆ ಕಳೆದದ್ದು ತಿಳಿಯಲಿಲ್ಲ. ಅಷ್ಟಮಿ, ಏಕಾದಶಿ, ಚತುರ್ದಶಿಗಳಂದು ಪ್ರಾಣಿವಧೆ ಕೂಡದೆಂದು ಸಾರುವ 1152ರ ಶಾಸನ ಇಲ್ಲಿಯದು.

ಹೊತ್ತು ಮುಳುಗಿದ ಮೇಲೆ ಇಲ್ಲಿ ಯಾರೂ ನಿಲ್ಲುವುದಿಲ್ಲ. ಕಾಯಿಲೆ ಬಿದ್ದ ಶಿಷ್ಯನಿಗೆ ಊರಿನವರು ಯಾರೂ ನೆರವಾಗಲಿಲ್ಲವೆಂದು ಸಾಧುವೊಬ್ಬ ಊರನ್ನೇ ಕಲ್ಲಾಗಲೆಂದು ಶಪಿಸಿದನಂತೆ. ಉಪಚರಿಸಿದ್ದು ಒಬ್ಬ ಕುಂಬಾರ ಹೆಂಗಸು ಮಾತ್ರ. ಹಿಂತಿರುಗಿ ನೋಡದೆ ಹೋಗು ಎಂದರೂ ಅವಳು ನೋಡಿದಳು, ಅವಳೂ ಕಲ್ಲಾದಳು. ಕಾವಲುಗಾರ ಈ ಕಥೆಯನ್ನು ಗೇಟಿನ ಬಳಿಯ ಮಡಕೆಯ ಪಕ್ಕ ಕೂತು ಹೇಳಿದ. ಸೂರ್ಯ ಸೋಮೇಶ್ವರನ ಮುರಿದ ಶಿಖರದ ಹಿಂದೆ ಇಳಿದ ಕೂಡಲೇ ಎದ್ದ. ನನ್ನ ಲೋಟಕ್ಕೆ ಹಾಕಿ, ಮಡಕೆಯಲ್ಲಿ ಉಳಿದ ನೀರನ್ನೆಲ್ಲ ಹಕ್ಕಿಗಳ ಕಲ್ಲುಬಾನಿಗೆ ಸುರಿದು, ಗೇಟಿಗೆ ಬೀಗ ಹಾಕಿದ.