ಮೊದಲ ಬೇಸ್ ಆಂಪ್ ಕೊಳ್ಳುವುದು ಹೇಗೆ? ಹಾಲ್ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಬಳ್ಳಾರಿಯ ಒಂದು ಕಲ್ಯಾಣ ಮಂಟಪದಲ್ಲಿ ನಾನು ಮೊದಲ ಸಲ ಬೇಸ್ ಗಿಟಾರ್ ನುಡಿಸಿದ್ದು ಗೆಳೆಯನಿಂದ ತಂದ 15 ವಾಟ್‌ನ ಗಿಟಾರ್ ಆಂಪ್‌ನಲ್ಲಿ, ಅಂದರೆ ಗಿಟಾರ್‌ನ ಸದ್ದು ಜೋರು ಮಾಡುವ ಡಬ್ಬದಲ್ಲಿ. ಎರಡನೇ ಹಾಡಿಗೆ ದಪ್ಪ ತಂತಿ ಮೀಟಿದೆ. ಸ್ವರ ಬರಲಿಲ್ಲ. ಫ್ಯಾನ್ ರೆಕ್ಕೆಗೆ ಕಾಗದ ತಾಗಿದ ಹಾಗೆ ‘ಪರ್‌ರ್’ ಅಂತ ಸದ್ದು ಬಂತು. ಜಾಲರಿಯೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಸ್ಪೀಕರ್ ಕೋನ್ ಹಿಂದೆ ಮುಂದೆ ಒದ್ದಾಡುತ್ತಿತ್ತು. ಆಂಪ್ ಕೆಟ್ಟಿರಲಿಲ್ಲ. ಅದು ಆ ಕೆಲಸಕ್ಕೆ ಮಾಡಿದ್ದಲ್ಲ, ಅಷ್ಟೇ.

ಈಗ ಚರ್ಚ್ ಹಾಡಿನ ತಂಡದವರು, ಕಾಲೇಜು ಬ್ಯಾಂಡಿನವರು, ರಸಮಂಜರಿ ತಂಡಕ್ಕೆ ಹೊಸದಾಗಿ ಸೇರಿದ ಹುಡುಗರು ಸಿಕ್ಕಾಗೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. “ಅಣ್ಣಾ, ಎಷ್ಟು ವಾಟ್‌ದು ತಗೊಳ್ಳಲಿ?” ನಾನು ತಿರುಗಿ ಕೇಳುವುದೂ ಒಂದೇ. ಎಲ್ಲಿ ನುಡಿಸ್ತೀಯಪ್ಪ?

ಹೆಜ್ಜೆ 1: ನುಡಿಸುವ ಜಾಗ ಬರೆದುಕೊಳ್ಳಿ

ಮುಂದಿನ ಆರು ತಿಂಗಳಲ್ಲಿ ಎಲ್ಲೆಲ್ಲಿ ನುಡಿಸುತ್ತೀರಿ ಅಂತ ಒಂದು ಹಾಳೆ ಮೇಲೆ ಬರೆಯಿರಿ. ಪ್ರತಿ ಜಾಗದ ಮುಂದೆ ಎರಡು ವಿಷಯ ಗುರುತು ಮಾಡಿ. ಡ್ರಮ್ ಸೆಟ್ ಇರುತ್ತಾ? ಸೌಂಡ್‌ನವರ ಹತ್ತಿರ ತಗ್ಗು ಸ್ವರಕ್ಕೆಂದೇ ಇರುವ ದೊಡ್ಡ ಸಬ್ ಡಬ್ಬಾ ಇದ್ದು, ಮಿಕ್ಸರ್‌ನಲ್ಲಿ ಬೇಸ್‌ಗೆ ಒಂದು ಲೈನ್ ಕೊಡುತ್ತಾರಾ?

ಸಾಣಾಪುರ, ಆನೆಗೊಂದಿ ಕಡೆಯ ಗೆಸ್ಟ್‌ಹೌಸ್‌ನಲ್ಲಿ ಒಂದು ಗಿಟಾರ್, ಒಬ್ಬ ಹಾಡುಗಾರ, ಕೈಯಲ್ಲಿ ಬಾರಿಸುವ ಕಹೋನ್. ಅಷ್ಟೇ ಆದರೆ 40–50 ವಾಟ್ ಸಾಕು. ಮಂಟಪದಲ್ಲೋ ಗಣೇಶನ ಪೆಂಡಾಲ್‌ನಲ್ಲೋ ಡ್ರಮ್ಸ್ ಇದೆ, ಸೌಂಡ್‌ನವರು ಬೇಸ್‌ಗೂ ಲೈನ್ ಕೊಡುತ್ತಾರೆ ಅಂದರೆ 100 ವಾಟ್‌ನಲ್ಲಿ ಕೆಲಸ ಆಗುತ್ತೆ. ಅಲ್ಲಿ ನಿಮ್ಮ ಆಂಪ್ ಇರುವುದು ನಿಮಗೂ ಡ್ರಮ್ಮರ್‌ಗೂ ಕೇಳಿಸಲಿಕ್ಕೆ. ಜನರಿಗೆ ಮುಟ್ಟಿಸುವುದು ದೊಡ್ಡ ಡಬ್ಬಗಳ ಕೆಲಸ. ಡ್ರಮ್ಸ್ ಇದೆ, ಆದರೆ ಸೌಂಡ್‌ನಲ್ಲಿ ಬರೀ ಮೈಕ್ ಅಂದರೆ 200–300 ವಾಟ್‌ಗಿಂತ ಕಡಿಮೆ ನೋಡಲೇಬೇಡಿ. ನಮ್ಮ ಕಡೆ ಸಣ್ಣ ಕಾರ್ಯಕ್ರಮ ಬಹಳಷ್ಟು ಈ ಮೂರನೇ ಥರದ್ದೇ.

ಹೆಜ್ಜೆ 2: ವಾಟ್ ಲೆಕ್ಕ ತಿಳಿದುಕೊಳ್ಳಿ

ಸಾದಾ ಗಿಟಾರ್‌ನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಬೇಸ್‌ನ ದಪ್ಪ ತಂತಿ ಅದರ ಅರ್ಧ, 41 ಸಲ. ಐದು ತಂತಿಯ ಬೇಸ್‌ನಲ್ಲಿ ಇನ್ನೂ ಕೆಳಗೆ, 31ರ ಹತ್ತಿರ. ಇಂಥ ತಗ್ಗು ಸ್ವರಕ್ಕೆ ನಮ್ಮ ಕಿವಿ ಮಂದ. ಸ್ಪೀಕರ್ ಜಾಸ್ತಿ ಗಾಳಿ ತಳ್ಳಬೇಕು, ಕೋನ್ ಜಾಸ್ತಿ ದೂರ ಓಡಾಡಬೇಕು. ಅದಕ್ಕೇ ಗಿಟಾರ್‌ನವನು 30 ವಾಟ್‌ನಲ್ಲಿ ಹಾಲ್ ತುಂಬಿಸುವಾಗ ಪಕ್ಕದಲ್ಲಿ ನಿಂತ ನಮಗೆ 300 ಬೇಕಾಗುತ್ತದೆ.

ಆದರೆ ವಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ. ಸದ್ದಿನ ಅಳತೆಯಾದ ಡೆಸಿಬೆಲ್‌ನಲ್ಲಿ ಏರುವುದು 3 ಮಾತ್ರ. ಕಿವಿಗೆ ಎರಡು ಪಟ್ಟು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಹಾಗಾಗಿ 100 ಬಿಟ್ಟು 150ಕ್ಕೆ ಹೋಗಲು ಜಾಸ್ತಿ ದುಡ್ಡು ಕೊಡಬೇಡಿ. ಅದೇ ದುಡ್ಡಿಗೆ ಒಳ್ಳೆಯ ಸ್ಪೀಕರ್ ಸಿಗುತ್ತಾ ನೋಡಿ. ಸ್ಪೀಕರ್‌ನ ವಿವರದಲ್ಲಿ ಸೆನ್ಸಿಟಿವಿಟಿ ಅಂತ ಬರೆದಿರುತ್ತಾರೆ. 95 ಡೆಸಿಬೆಲ್‌ನದಕ್ಕಿಂತ 98ರದು ಅದೇ ವಾಟ್‌ನಲ್ಲಿ 3 ಡೆಸಿಬೆಲ್ ಜೋರು. ಅಂದರೆ ವಾಟ್ ಎರಡು ಪಟ್ಟು ಮಾಡಿದಷ್ಟೇ ಲಾಭ.

ಹೆಜ್ಜೆ 3: ಒಂದೇ ಡಬ್ಬಾನೋ, ಎರಡು ತುಂಡೋ

ಆಂಪ್, ಸ್ಪೀಕರ್ ಒಟ್ಟಿಗೇ ಇದ್ದರೆ ಕಾಂಬೋ. ಬೇರೆ ಬೇರೆ ಇದ್ದರೆ ಹೆಡ್ ಮತ್ತು ಕ್ಯಾಬಿನೆಟ್. ಮೊದಲನೆಯದು ಕಾಂಬೋ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಹತ್ತು ಇಂಚಿನ ಸ್ಪೀಕರ್ ಚುರುಕು, ಹದಿನೈದು ಇಂಚಿನದು ಗಂಭೀರ ಅಂತ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಡಬ್ಬದ ಅಳತೆ, ಅದನ್ನು ಕಟ್ಟಿದ ರೀತಿಯೂ ಅಷ್ಟೇ ಮುಖ್ಯ. ಎರಡು ಹತ್ತು ಇಂಚು ಅಥವಾ ಒಂದು ಹನ್ನೆರಡು ಇಂಚಿನಿಂದ ಶುರು ಮಾಡಿದರೆ ತಪ್ಪಾಗುವುದಿಲ್ಲ.

ಓಮ್ ಲೆಕ್ಕ, ಅಂದರೆ ಸ್ಪೀಕರ್ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಎನ್ನುವುದನ್ನು ಮಾತ್ರ ಬಿಡಬೇಡಿ. ಫೆಂಡರ್ ರಂಬಲ್ 500 ಕಾಂಬೋ ನೋಡಿ. ಹೆಸರಲ್ಲಿ 500 ಇದೆ, ಆದರೆ ಒಳಗಿನ ಸ್ಪೀಕರ್ ಮಾತ್ರ ನಡೆದರೆ ಬರುವುದು 350 ವಾಟ್. ಒಳಗಿನ ಎರಡು ಸ್ಪೀಕರ್ ಸೇರಿ 8 ಓಮ್. ಹೊರಗೆ ಇನ್ನೊಂದು 8 ಓಮ್ ಕ್ಯಾಬಿನೆಟ್ ಜೋಡಿಸಿದಾಗ ಒಟ್ಟು 4 ಓಮ್ ಆಗಿ ಪೂರ್ತಿ 500 ಸಿಗುತ್ತದೆ. ಇದು ಮೋಸವಲ್ಲ, ವಿದ್ಯುತ್ತಿನ ಲೆಕ್ಕವೇ ಹಾಗೆ. ಅದಕ್ಕೇ ಅಂಗಡಿಯವರನ್ನು ‘ಇದರ ಒಳಗಿನ ಸ್ಪೀಕರ್‌ನಲ್ಲೇ ಎಷ್ಟು ವಾಟ್?’ ಅಂತ ಕೇಳಿ. ಆಂಪ್ ಮೇಲೆ ‘ಕನಿಷ್ಠ 4 ಓಮ್’ ಅಂತಿದ್ದರೆ ಅದಕ್ಕಿಂತ ಕೆಳಗೆ ಯಾವತ್ತೂ ಹೋಗಬೇಡಿ, ಸುಟ್ಟು ಹೋಗಬಹುದು. ಹೆಡ್‌ನಿಂದ ಕ್ಯಾಬಿನೆಟ್‌ಗೆ ಗಿಟಾರ್ ಕೇಬಲ್ ಹಾಕಬೇಡಿ. ಸ್ಪೀಕರ್ ಕೇಬಲ್ಲೇ ಬೇಕು.

ತೂಕ ನೋಡಿ. ಈಗಿನ ಕ್ಲಾಸ್ ಡಿ ಎಂಬ ಬಗೆಯ ಸರ್ಕ್ಯೂಟ್ ಇರುವ ಆಂಪ್‌ಗಳು ಹಗುರ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಕೊಪ್ಪಳದಲ್ಲಿ ಇಳಿದು ಆಟೋದಲ್ಲಿ ಹೋಗುವವರು ಒಂದೇ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿ ನೋಡಬೇಕು. ಇನ್ನೊಂದು ಕೈಯಲ್ಲಿ ಗಿಟಾರ್ ಇರುತ್ತದಲ್ವಾ?

ಹೆಜ್ಜೆ 4: ಹಿಂಭಾಗ ತಿರುಗಿಸಿ ನೋಡಿ

ಮಿಕ್ಸರ್‌ಗೆ ಲೈನ್ ಕೊಡುವ ಮೂರು ಪಿನ್ನಿನ ಡಿಐ ಔಟ್ ಇದೆಯಾ? ಇಲ್ಲದಿದ್ದರೆ ಆ ಆಂಪ್ ಬಿಟ್ಟುಬಿಡಿ. ಪಕ್ಕದಲ್ಲಿ ‘ಹುಮ್’ ಸದ್ದು ಹೋಗಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಇದ್ದರೆ ಬಹಳ ಒಳ್ಳೆಯದು. ಪ್ರೀ–ಪೋಸ್ಟ್ ಸ್ವಿಚ್ ಇದ್ದರೆ, ಅದನ್ನು ‘ಪ್ರೀ’ಗೆ ಇಟ್ಟು, ನೀವು ಸ್ಟೇಜ್ ಮೇಲೆ ಟೋನ್ ತಿರುಗಿಸಿದಾಗ ಸೌಂಡ್‌ನವರ ಕಡೆ ಏನೂ ಬದಲಾಗದಂತೆ ಮಾಡಬಹುದು.

ಕರೆಂಟ್ ಪಟ್ಟಿ ಓದಿ. 230 ವೋಲ್ಟ್ ಅಂತಿರಬೇಕು. ಅಮೆರಿಕದಿಂದ ಯಾರೋ ತಂದ 120 ವೋಲ್ಟ್‌ನದನ್ನು ನೇರ ಪ್ಲಗ್‌ಗೆ ಹಾಕಿದರೆ ಅಲ್ಲಿಗೇ ಮುಗಿಯಿತು. 100ರಿಂದ 240ರವರೆಗೆ ತಡೆಯುವಂಥದ್ದು ಸಿಕ್ಕರೆ ಹಳ್ಳಿ ಕಡೆ ವೋಲ್ಟೇಜ್ ಇಳಿದಾಗಲೂ ನಡೆಯುತ್ತದೆ. ಫ್ಯಾನ್ ಇದ್ದರೆ ಗಾಳಿ ಬರುವ ಜಾಲರಿ ನೋಡಿ. ರಾಯಚೂರಿನ ಬೇಸಿಗೆ, ಬಳ್ಳಾರಿಯ ಕೆಂಪು ಧೂಳು ಎರಡೂ ಅಲ್ಲೇ ಸೇರುವುದು. ರಿಪೇರಿ ಎಲ್ಲಿ ಮಾಡಿಕೊಡುತ್ತಾರೆ ಅಂತಲೂ ಕೇಳಿ. ಕ್ಲಾಸ್ ಡಿ ಬೋರ್ಡ್ ಕೈಕೊಟ್ಟರೆ ಊರಿನ ರೇಡಿಯೊ ರಿಪೇರಿಯವರಿಗೆ ಬಹಳ ಸಲ ಸಾಧ್ಯವಾಗುವುದಿಲ್ಲ.

ಹೆಜ್ಜೆ 5: ನಿಮ್ಮ ಬೇಸ್‌ನಲ್ಲೇ ನುಡಿಸಿ ನೋಡಿ

ಹುಬ್ಬಳ್ಳಿಗೋ ಹೈದರಾಬಾದಿಗೋ ಹೋಗುವಾಗ ನಿಮ್ಮದೇ ಬೇಸ್ ಒಯ್ಯಿರಿ. ಟೋನ್ ಗುಂಡಿಗಳನ್ನೆಲ್ಲ ನಡುವೆ ಇಡಿ. ದಪ್ಪ ತಂತಿಯ ಮೊದಲ ಸ್ವರದಿಂದ ಒಂದೊಂದೇ ಮನೆ ಮೇಲಕ್ಕೆ ನಿಧಾನವಾಗಿ, ಒಂದೇ ಬಲದಲ್ಲಿ ಮೀಟುತ್ತಾ ಹೋಗಿ. ಯಾವ ಸ್ವರ ತಟ್ಟನೆ ಉಬ್ಬಿತು, ಯಾವುದು ಮಾಯವಾಯಿತು ಗಮನಿಸಿ. ಅನುಮಾನ ಬಂದರೆ ಡಬ್ಬವನ್ನು ಎರಡು ಮಾರು ಸರಿಸಿ ಮತ್ತೆ ನುಡಿಸಿ, ಏಕೆಂದರೆ ಕೋಣೆಯೂ ಸ್ವರಗಳನ್ನು ಏರಿಳಿಸುತ್ತದೆ. ಆಮೇಲೆ ಅಂಗೈಯನ್ನು ಡಬ್ಬದ ಪಕ್ಕಕ್ಕೆ ಇಟ್ಟು ವಾಲ್ಯೂಮ್ ಮುಕ್ಕಾಲು ಏರಿಸಿ. ಮರ ನಡುಗುವುದು ಸಹಜ. ‘ಗರ್‌ರ್’ ಅಂತ ಸದ್ದು ಬಂದರೆ ಸ್ಕ್ರೂ ಸಡಿಲ ಇರಬಹುದು, ಸ್ಪೀಕರ್ ಹರಿದಿರಬಹುದು. ಸೆಕೆಂಡ್ ಹ್ಯಾಂಡ್ ಮಾಲಾದರೆ ಈ ಪರೀಕ್ಷೆ ಆಗದೆ ದುಡ್ಡು ಕೊಡಬೇಡಿ.

ಸಾಧ್ಯವಾದರೆ ಡ್ರಮ್ಮರ್‌ನನ್ನೂ ಕರೆದೊಯ್ಯಿರಿ. ಒಂಟಿಯಾಗಿ ಕೇಳುವಾಗ ಸವಿಯಾಗಿರುವ ಟೋನ್ ಡ್ರಮ್ಸ್ ಶುರುವಾದ ಕೂಡಲೇ ಮುಳುಗಿ ಹೋಗಬಹುದು. ನಡುವಿನ ಸ್ವರ, ಅಂದರೆ ಮಿಡ್ ಕಡಿಮೆ ಮಾಡಿದ್ದರೆ ಹಾಗಾಗುವುದೇ ಜಾಸ್ತಿ.

ಹೆಜ್ಜೆ 6: ಅರ್ಥಿಂಗ್ ಖಾತ್ರಿ ಮಾಡಿಕೊಳ್ಳಿ

ಇದನ್ನು ದಯವಿಟ್ಟು ಎರಡು ಸಲ ಓದಿ. ಸ್ಪೀಕರ್‌ನಲ್ಲಿ ‘ಹುಮ್’ ಅಂತ ಸದ್ದು ಬರುತ್ತಿದೆ ಎಂದು ಪ್ಲಗ್‌ನ ದಪ್ಪ ಪಿನ್ ಮುರಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಪಿನ್ನೇ ನಿಮ್ಮ ಜೀವ ಕಾಯುವುದು. ಅದಿಲ್ಲದೆ ಆಂಪ್‌ನ ಒಳಗೆ ಕರೆಂಟ್ ಸೋರಿದರೆ ನೇರ ಬೇಸ್‌ನ ತಂತಿಗೆ ಬರುತ್ತದೆ. ಕೈ ತಂತಿ ಮೇಲೆ, ತುಟಿ ಮೈಕ್ ಮೇಲೆ. ಎದೆ ಹಾದು ಕರೆಂಟ್ ಹರಿಯುವ ದಾರಿ ಅದೇ. ಹುಮ್ ಹೋಗಿಸಲು ಡಿಐ ಪಕ್ಕದ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ. ಅದನ್ನು ಬಳಸಿ.

ಮಂಟಪಕ್ಕೆ ಹೋದ ಕೂಡಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಮೀಟರ್ ಹಿಡಿಸಿ. ಫೇಸ್–ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ ಕೆಲವೇ ವೋಲ್ಟ್ ಬರಬೇಕು. ಬರದಿದ್ದರೆ ಬೇರೆ ಬೋರ್ಡ್ ಹುಡುಕಿ. ಸೀರಿಯಲ್ ಸೆಟ್, ಏರ್ ಕೂಲರ್ ಇರುವ ಎಕ್ಸ್‌ಟೆನ್ಷನ್‌ಗೆ ಆಂಪ್ ಹಾಕಬೇಡಿ. ಕರೆಂಟ್ ಹೋಗಿ ಜನರೇಟರ್ ಚಾಲೂ ಮಾಡುವಾಗ ಆಂಪ್ ಆಫ್ ಇರಲಿ. ಅದು ಒಂದು ಹದಕ್ಕೆ ಬಂದ ಮೇಲೆ ಆನ್ ಮಾಡಿ.

ಹೆಜ್ಜೆ 7: ಸ್ಟೇಜ್ ಮೇಲೆ ಎಲ್ಲಿ ಇಡಬೇಕು

ಹಲಗೆ ಹಾಸಿದ ಸ್ಟೇಜ್ ಒಳಗೆ ಟೊಳ್ಳು. ನೇರ ಅದರ ಮೇಲೆ ಇಟ್ಟರೆ ಹಲಗೆಯೇ ಗುಡುಗುತ್ತದೆ, ಸ್ವರ ತಿಳಿಯುವುದಿಲ್ಲ. ಗೋಡೆಯ ಮೂಲೆಗೆ ಒತ್ತಿ ಇಟ್ಟರೂ ಹಾಗೇ ಉಬ್ಬುತ್ತದೆ. ನೆಲದ ಮೇಲಿದ್ದರೆ ಸ್ಪಷ್ಟವಾದ ಸದ್ದೆಲ್ಲ ಮೊಣಕಾಲಿಗೆ ಬಡಿಯುತ್ತದೆ, ಕಿವಿಗೆ ಬರುವುದಿಲ್ಲ. ಕೇಳಿಸಲಿಲ್ಲ ಅಂತ ನಾವು ವಾಲ್ಯೂಮ್ ಏರಿಸುತ್ತೇವೆ, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಅಲುಗಾಡದ ಗಟ್ಟಿ ಕಬ್ಬಿಣದ ಕುರ್ಚಿ ಕೇಳಿ ತರಿಸಿ. ಅದರ ಮೇಲೆ ಆಂಪ್ ಇಟ್ಟು, ಡ್ರಮ್ಮರ್‌ಗೂ ನಿಮಗೂ ನಡುವೆ ಮುಖ ಮಾಡಿ. ಬೇಸ್ ಗುಂಡಿ ಸ್ವಲ್ಪ ಇಳಿಸಿ, ಮಿಡ್ ಸ್ವಲ್ಪ ಏರಿಸಿ. ಮೊದಲ ಹಾಡಿನ ನಡುವೆ ಡ್ರಮ್ಮರ್ ಕಡೆ ತಿರುಗಿ ನೋಡಿ. ಕೇಳಿಸ್ತಿದೆ ಅಂತ ಅವನು ತಲೆ ಆಡಿಸಿದರೆ ವಾಲ್ಯೂಮ್ ಅಲ್ಲಿಗೇ ಬಿಟ್ಟುಬಿಡಿ.